ಸೂರ್ಯನಿಗಿಂತ ಮೇಲಿರುವ ಚಂದ್ರ ಸೂರ್ಯನನ್ನು ಮರೆಮಾಡುವುದು ಹೇಗೆ? ಪುರಾಣವನ್ನು ಅಕ್ಷರಶಃ ಓದುವುದರ ಕುರಿತು

ಪ್ರಶ್ನೆ: ಇಂಡಿಯ ಶಿಕ್ಷಕಿ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಶ್ರಾವಣ ಬಂತೆಂದರೆ ನಮ್ಮ ಕಡೆಯ ಮಠಗಳಲ್ಲಿ, ಗುಡಿಗಳಲ್ಲಿ ತಿಂಗಳುದ್ದಕ್ಕೂ ಪುರಾಣ ಪ್ರವಚನ ನಡೆಯುತ್ತದೆ. ಮಕ್ಕಳೂ ಮನೆಯವರೊಂದಿಗೆ ಕುಳಿತು ಕೇಳುತ್ತಾರೆ. ವಿಷ್ಣುಪುರಾಣದ ಎರಡನೆಯ ಅಂಶದಲ್ಲಿ ಬರುವ ಲೋಕವರ್ಣನೆಯನ್ನು ಹೀಗೆ ಕೇಳಿ ಬಂದ ಹುಡುಗನೊಬ್ಬ ಗ್ರಹಣದ ಪಾಠದ ನಡುವೆ ಎದ್ದು ನಿಂತು, ಭೂಮಿಯಿಂದ ಲಕ್ಷ ಯೋಜನ ಮೇಲೆ ಸೂರ್ಯ, ಸೂರ್ಯನಿಂದ ಮತ್ತೆ ಲಕ್ಷ ಯೋಜನ ಮೇಲೆ ಚಂದ್ರ ಎಂದು ಅಲ್ಲಿ ಹೇಳಿದರು, ಹಾಗಿದ್ದರೆ ಸೂರ್ಯಗ್ರಹಣದ ದಿನ ಚಂದ್ರನು ಸೂರ್ಯನಿಗೂ ನಮಗೂ ನಡುವೆ ಬರುವುದು ಹೇಗೆ ಎಂದು ಕೇಳಿದ. ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಎರಡೂ ಮಾತುಗಳು ಒಟ್ಟಿಗೆ ನಿಜವಾಗಿರಲಾರವು ಎಂಬುದನ್ನು ಅವನು ತಾನಾಗಿಯೇ ಕಂಡುಕೊಂಡಿದ್ದ.

ಶಿಕ್ಷಕರ ಕೋಣೆಯಲ್ಲಿ ಇದನ್ನು ಪ್ರಸ್ತಾಪಿಸಿದಾಗ ಎರಡು ಬಗೆಯ ಸಲಹೆಗಳು ಬಂದವು. ಪುರಾಣವೆಲ್ಲ ಕಟ್ಟುಕಥೆ, ಅದನ್ನು ತಲೆಯಿಂದ ತೆಗೆದುಹಾಕು ಎಂದು ಹೇಳಿಬಿಡಿ ಎಂದರು ಒಬ್ಬರು. ಋಷಿಗಳಿಗೆ ಇಂದಿನ ವಿಜ್ಞಾನವೆಲ್ಲ ತಿಳಿದಿತ್ತು, ಈ ಮಾತಿಗೂ ಒಂದು ಗೂಢಾರ್ಥವಿದ್ದೇ ಇರುತ್ತದೆ, ಹುಡುಕಿ ತೆಗೆಯಿರಿ ಎಂದರು ಇನ್ನೊಬ್ಬರು. ಮೊದಲನೆಯದನ್ನು ಹೇಳಿದರೆ ಆ ಹುಡುಗನ ಮನೆಯ ಹಿರಿಯರ ಶ್ರದ್ಧೆಯನ್ನು ತರಗತಿಯಲ್ಲಿ ಹೀಗಳೆದಂತಾಗುತ್ತದೆ. ಎರಡನೆಯದನ್ನು ಹೇಳಿದರೆ ನಾನೇ ನಂಬದ ಮಾತನ್ನು ಕಲಿಸಿದಂತಾಗುತ್ತದೆ. ಧರ್ಮಗ್ರಂಥದ ಮಾತು ಕಣ್ಣಿಗೆ ಕಾಣುವ ಸಂಗತಿಗೆ ವಿರುದ್ಧವಾಗಿ ನಿಂತಾಗ, ಆ ಗ್ರಂಥವನ್ನು ಗೌರವಿಸುವವರೇ ಹಿಂದೆ ಏನು ಮಾಡಿದ್ದಾರೆ? ತಿಳಿದವರು ಸ್ವಲ್ಪ ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಬೆಳಗಾವಿಯ ಸಂಸ್ಕೃತಾಭ್ಯಾಸಿ

ನಿಮ್ಮ ವಿದ್ಯಾರ್ಥಿ ಕೇಳಿದ ಪ್ರಶ್ನೆ ಬಹಳ ಹಳೆಯದು, ಮತ್ತು ಅದನ್ನು ಕೇಳಿದವರು ನಾಸ್ತಿಕರಲ್ಲ. ಆರ್ಯಭಟರು 499ರಲ್ಲಿ ಬರೆದಾಗಿನಿಂದ ನಮ್ಮ ಸಿದ್ಧಾಂತಕಾರರೆಲ್ಲರೂ, ಅಂದರೆ ಖಗೋಳಗಣಿತದ ಗ್ರಂಥಗಳನ್ನು ಬರೆದವರೆಲ್ಲರೂ, ಭೂಮಿಗೆ ಅತ್ಯಂತ ಸಮೀಪದಲ್ಲಿ ಚಂದ್ರನನ್ನಿಟ್ಟು, ಅವನಾಚೆಗೆ ಬುಧ, ಶುಕ್ರ, ಸೂರ್ಯರನ್ನಿಟ್ಟಿದ್ದಾರೆ. ಚಂದ್ರನು ನಕ್ಷತ್ರಮಂಡಲವನ್ನು ಇಪ್ಪತ್ತೇಳು ದಿನಗಳ ಮೇಲೆ ಸ್ವಲ್ಪ ಹೊತ್ತಿನಲ್ಲಿ ಸುತ್ತಿ ಬರುತ್ತಾನೆ, ಸೂರ್ಯನಿಗೆ ಒಂದು ವರ್ಷ ಬೇಕಾಗುತ್ತದೆ. ಬೇಗ ಸುತ್ತುವವನ ಕಕ್ಷೆ ಚಿಕ್ಕದು ಎಂಬುದು ಅವರ ತರ್ಕ. ಪುರಾಣದ ಕ್ರಮ ಅವರಿಗೆ ತಿಳಿಯದ್ದೇನಲ್ಲ. ತಿಳಿದೂ ಅದನ್ನು ಗಣಿತದಲ್ಲಿ ಬಳಸಲಿಲ್ಲ, ಏಕೆಂದರೆ ಆ ಕ್ರಮದಲ್ಲಿ ಸೂರ್ಯಗ್ರಹಣವನ್ನು ಲೆಕ್ಕ ಹಾಕಲು ಬರುವುದಿಲ್ಲ.

ಭಾಸ್ಕರಾಚಾರ್ಯರ ಸಿದ್ಧಾಂತಶಿರೋಮಣಿ 1150ರದು. ಅವರು ತಮ್ಮ ಊರೆಂದು ಹೇಳಿಕೊಂಡ ವಿಜ್ಜಡವಿಡವು ನಿಮ್ಮ ವಿಜಯಪುರವೇ ಎಂದು ನಮ್ಮವರು ಅಭಿಮಾನದಿಂದ ಹೇಳುತ್ತಾರೆ. ಚಾಳೀಸಗಾಂವ ಹತ್ತಿರದ ಪಾಟಣದ ಶಾಸನವನ್ನು ಮುಂದಿಡುವವರು ಅದನ್ನು ಖಾನದೇಶಕ್ಕೆ ಒಯ್ಯುತ್ತಾರೆ. ಊರಿನ ಜಗಳ ಹಾಗಿರಲಿ. ಆ ಗ್ರಂಥದ ಗೋಲಾಧ್ಯಾಯ ಎಂಬ ಭಾಗದಲ್ಲಿ ಅವರು ಭೂಮಿಯನ್ನು ಯಾವುದೋ ಒಂದು ಮೂರ್ತ ವಸ್ತು ಹೊತ್ತಿದೆ ಎನ್ನುವವರನ್ನು ಎದುರಿಸುತ್ತಾರೆ: ಹೊತ್ತದ್ದಕ್ಕೆ ಮತ್ತೊಂದು ಆಧಾರ ಬೇಕು, ಅದಕ್ಕೆ ಇನ್ನೊಂದು ಬೇಕು, ಕೊನೆಯದು ತನ್ನ ಶಕ್ತಿಯಿಂದಲೇ ನಿಂತಿದೆ ಎಂದು ಒಪ್ಪುವುದಾದರೆ ಆ ಶಕ್ತಿಯನ್ನು ಮೊದಲನೆಯದಾದ ಭೂಮಿಗೇ ಏಕೆ ಒಪ್ಪಬಾರದು ಎಂದು ಕೇಳುತ್ತಾರೆ. ಭೂಮಿ ಚಪ್ಪಟೆಯಾಗಿ ಕಾಣುವುದೇಕೆ ಎಂಬುದಕ್ಕೂ ಅವರಲ್ಲಿ ಉತ್ತರವಿದೆ: ಪರಿಧಿಯ ನೂರನೆಯ ಒಂದು ಭಾಗ ಸಮವಾಗಿಯೇ ತೋರುತ್ತದೆ, ಮನುಷ್ಯನು ತೀರ ಚಿಕ್ಕವನು, ಅವನ ಕಣ್ಣಿಗೆ ಅಷ್ಟೇ ಬೀಳುತ್ತದೆ. ಗಣಿತಸ್ಕಂಧದಲ್ಲಿ ಉಪಪತ್ತಿಯುಳ್ಳ (ಯುಕ್ತಿಯಿಂದ ಸಾಧಿಸಬಹುದಾದ) ಆಗಮ (ಶಾಸ್ತ್ರವಚನ) ಮಾತ್ರವೇ ಪ್ರಮಾಣ ಎಂಬ ಮಾತು ಅವರು ತಮ್ಮ ಗ್ರಂಥಕ್ಕೆ ತಾವೇ ಬರೆದ ವ್ಯಾಖ್ಯಾನದಲ್ಲಿ ಬರುತ್ತದೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಇದು ಜ್ಯೋತಿಷಿಗಳೊಬ್ಬರ ಹಟವಲ್ಲ. ವೇದವನ್ನು ಅಪೌರುಷೇಯವೆಂದು, ಯಾರೂ ರಚಿಸಿದ್ದಲ್ಲವೆಂದು ನಂಬಿದ ಮೀಮಾಂಸಕರೇ (ವೇದವಾಕ್ಯಗಳ ಅರ್ಥ ನಿರ್ಣಯಿಸುವ ಪಂಡಿತರೇ) ವೇದದ ಎಲ್ಲ ವಾಕ್ಯಗಳನ್ನೂ ಒಂದೇ ರೀತಿಯಲ್ಲಿ ಓದಲಿಲ್ಲ. ‘ಆದಿತ್ಯೋ ಯೂಪಃ’ ಎಂಬ ಶ್ರುತಿವಾಕ್ಯವಿದೆ. ಯಜ್ಞದ ಕಂಬವೇ ಸೂರ್ಯ ಎಂದು ಅದರ ಅಕ್ಷರಾರ್ಥ. ಕಂಬವು ಸೂರ್ಯನಲ್ಲ ಎಂಬುದು ಕಣ್ಣಿಗೇ ಕಾಣುವುದರಿಂದ ಅದನ್ನು ಗುಣವಾದವೆಂದು, ತುಪ್ಪ ಸವರಿದ ಕಂಬದ ಹೊಳಪನ್ನು ಹೊಗಳುವ ಮಾತೆಂದು ಅವರು ತೆಗೆದುಕೊಂಡರು. ಬೇರೆ ಪ್ರಮಾಣಕ್ಕೆ ವಿರುದ್ಧವಾದರೆ ಗುಣವಾದ, ಬೇರೆ ಪ್ರಮಾಣದಿಂದ ಮೊದಲೇ ತಿಳಿದದ್ದಾದರೆ ಅನುವಾದ, ಇವೆರಡೂ ಅಲ್ಲದಿದ್ದರೆ ಭೂತಾರ್ಥವಾದ (ಇದ್ದದ್ದನ್ನು ಹೇಳುವ ಮಾತು) ಎಂದು ವಿಂಗಡಣೆಯನ್ನೇ ಮಾಡಿದರು. ಶಂಕರಾಚಾರ್ಯರಂತೂ ಗೀತಾಭಾಷ್ಯದ ಹದಿನೆಂಟನೆಯ ಅಧ್ಯಾಯದಲ್ಲಿ, ಬೆಂಕಿ ತಣ್ಣಗಿದೆ ಎಂದೋ ಬೆಳಕಿಲ್ಲದ್ದು ಎಂದೋ ನೂರು ಶ್ರುತಿಗಳು ಹೇಳಿದರೂ ಅವು ಪ್ರಮಾಣವಾಗುವುದಿಲ್ಲ ಎಂದು ಬರೆದಿದ್ದಾರೆ. ಪ್ರತ್ಯಕ್ಷದ ಕ್ಷೇತ್ರದಲ್ಲಿ ಶ್ರುತಿಯನ್ನು ಸಾಕ್ಷಿಗೆ ಕರೆಯಬೇಡಿ ಎಂಬುದೇ ಅದರ ತಾತ್ಪರ್ಯ. ವೇದಕ್ಕೇ ಈ ಮಿತಿಯಿದ್ದ ಮೇಲೆ ಸ್ಮೃತಿಯಾದ ಪುರಾಣಕ್ಕೆ ಅದಕ್ಕಿಂತ ಹೆಚ್ಚಿನ ಅಧಿಕಾರವೆಲ್ಲಿಂದ ಬರಬೇಕು?

ಆದರೆ ನಮ್ಮ ಪೂರ್ವಿಕರೆಲ್ಲ ಇದರಲ್ಲಿ ಧೈರ್ಯವಂತರಾಗಿದ್ದರು ಎಂದು ಹೇಳಲಾರೆ. ಬ್ರಹ್ಮಗುಪ್ತರು 628ರಲ್ಲಿ ಗ್ರಹಣದ ಲೆಕ್ಕವನ್ನು ನೆರಳಿನಿಂದಲೇ ಮಾಡಿಯೂ, ರಾಹುವನ್ನು ಬಿಟ್ಟವರನ್ನು ಶಾಸ್ತ್ರವಿರೋಧಿಗಳೆಂದು ಟೀಕಿಸಿದರು; ಹನ್ನೊಂದನೆಯ ಶತಮಾನದ ವಿದ್ವಾಂಸ ಅಲ್‌ಬಿರೂನಿ ಈ ಇಬ್ಬಗೆಯನ್ನು ಗುರುತಿಸಿ ಚುಚ್ಚಿದ್ದಾನೆ. ಭಾಸ್ಕರಾಚಾರ್ಯರೂ ಕೊನೆಗೆ ಒಂದು ರಾಜಿಸೂತ್ರ ಹೂಡಿದ್ದಾರೆ: ಕತ್ತಲೆಯ ರೂಪದ ರಾಹುವು ಶಿವನ ವರದಿಂದ ಭೂಮಿಯ ನೆರಳನ್ನು ಹೊಕ್ಕು ಚಂದ್ರನನ್ನೂ, ಚಂದ್ರನನ್ನು ಹೊಕ್ಕು ಸೂರ್ಯನನ್ನೂ ಮುಚ್ಚುತ್ತಾನೆ, ಹೀಗೆಂದರೆ ಯಾವ ಆಗಮಕ್ಕೂ ವಿರೋಧವಿಲ್ಲ ಎನ್ನುತ್ತಾರೆ. ಜಾಣ ಮಾತು. ಅದನ್ನು ಒಪ್ಪಿದರೆ ರಾಹುವಿಗೆ ಪದವಿ ಉಳಿಯುತ್ತದೆ, ಕೆಲಸ ಮಾತ್ರ ಉಳಿಯುವುದಿಲ್ಲ.

ಉತ್ತರ: ಘಟಪ್ರಭೆಯ ದಂಡೆ, ಬಾಗಲಕೋಟೆ

ನಾನು ಭೂವಿಜ್ಞಾನ ಓದಿದವನು. ಮೇಲಿನವರು ಅಕ್ಷರಶಃ ನಂಬುವವರ ಬಗ್ಗೆ ಬರೆದರು. ನನ್ನ ಅನುಭವದಲ್ಲಿ ಹೆಚ್ಚು ತೊಡಕಿನವರು ನಿಮ್ಮ ಎರಡನೆಯ ಸಹೋದ್ಯೋಗಿಯಂಥವರು. ವಿಜ್ಞಾನ ಹೇಳುವುದೆಲ್ಲ ಗ್ರಂಥದಲ್ಲಿ ಮೊದಲೇ ಇದೆ ಎನ್ನುವವರೂ ಅಕ್ಷರಶಃ ಓದುವವರೇ. ತಮಗೆ ಹೊಂದುವ ಅಕ್ಷರಗಳನ್ನು ಮಾತ್ರ ಓದುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಎಲ್ಲರ ಬಾಯಲ್ಲಿರುವ ಒಂದು ಉದಾಹರಣೆಯನ್ನೇ ಲೆಕ್ಕ ಮಾಡಿ ನೋಡೋಣ. ಕಲ್ಪವೆಂದರೆ 432 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಎಷ್ಟು ಹತ್ತಿರ ನೋಡಿ ಎನ್ನುತ್ತಾರೆ. ಆದರೆ ಕಲ್ಪವು ಬ್ರಹ್ಮನ ಒಂದು ಹಗಲಿನ ಪೂರ್ಣ ಅವಧಿ, ಈವರೆಗೆ ಕಳೆದ ಕಾಲವಲ್ಲ. ಕಳೆದದ್ದು ಎಷ್ಟು ಎಂಬುದನ್ನು ಪ್ರತಿ ಪೂಜೆಯ ಸಂಕಲ್ಪದಲ್ಲಿ ನಾವೇ ಹೇಳುತ್ತೇವೆ: ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಇಪ್ಪತ್ತೆಂಟನೆಯ ಕಲಿಯುಗ. ಅಂದರೆ ಆರು ಮನ್ವಂತರಗಳು, ಅವುಗಳ ಏಳು ಸಂಧಿಗಳು, ಇಪ್ಪತ್ತೇಳು ಮಹಾಯುಗಗಳು, ಇಪ್ಪತ್ತೆಂಟನೆಯದರ ಕೃತ, ತ್ರೇತಾ, ದ್ವಾಪರಗಳು, ಆ ಮೇಲೆ ಕಲಿಯ ಐದು ಸಾವಿರ ಚಿಲ್ಲರೆ ವರ್ಷಗಳು. ಕೂಡಿಸಿದರೆ 197 ಕೋಟಿ 29 ಲಕ್ಷದಷ್ಟಾಗುತ್ತದೆ. ಹಾಸನ ಜಿಲ್ಲೆಯ ಗೊರೂರಿನ ನೈಸ್ ಶಿಲೆಯೇ 300 ಕೋಟಿ ವರ್ಷಕ್ಕಿಂತ ಹಳೆಯದು. ಅಕಸ್ಮಾತ್ ಹತ್ತಿರ ಬಂದ ಸಂಖ್ಯೆಯನ್ನು ಗ್ರಂಥದ ಗೆಲುವೆಂದು ಎಣಿಸುವವರು, ನಮ್ಮ ರಾಜ್ಯದ ಒಂದು ಬಂಡೆ ಸಂಕಲ್ಪದ ಕಾಲಕ್ಕಿಂತ ಹಳೆಯದಾದಾಗ ಅದನ್ನು ಗ್ರಂಥದ ಸೋಲೆಂದೂ ಎಣಿಸಬೇಕಾಗುತ್ತದೆ. ಎರಡೂ ಎಣಿಕೆ ಬೇಡ. ಕಲ್ಪದ ಸಂಖ್ಯೆ ನಮ್ಮ ಗಣಿತಜ್ಞರಿಗೆ ಒದಗಿದ್ದು ಬೇರೆ ಕೆಲಸಕ್ಕೆ: ಗ್ರಹಗಳೆಲ್ಲ ಒಂದೆಡೆಯಿಂದ ಹೊರಟು ಪೂರ್ಣ ಸುತ್ತುಗಳನ್ನು ಮುಗಿಸಿ ಮತ್ತೆ ಅಲ್ಲಿಗೇ ಸೇರುವಷ್ಟು ದೊಡ್ಡದೊಂದು ಅವಧಿ ಅವರಿಗೆ ಬೇಕಿತ್ತು. 454 ಕೋಟಿಯ ಸುಮಾರಿನ ವಯಸ್ಸಾದರೋ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಉಲ್ಕಾಶಿಲೆಗಳ ಸೀಸದ ಐಸೊಟೋಪುಗಳನ್ನು ಅಳೆದಾಗ ಸಿಕ್ಕಿದ್ದು. ಎರಡರ ದಾರಿಯೂ ಒಂದನ್ನೊಂದು ಎಲ್ಲಿಯೂ ಕೂಡುವುದಿಲ್ಲ.

ಬೆಳಕಿನ ವೇಗ ವೇದಭಾಷ್ಯದಲ್ಲೇ ಇದೆ ಎನ್ನುವ ಕಥೆಯೂ ಇಂಥದೇ. ಋಗ್ವೇದದ ಸೂರ್ಯಸೂಕ್ತಕ್ಕೆ ಭಾಷ್ಯ ಬರೆಯುವಾಗ ಹದಿನಾಲ್ಕನೆಯ ಶತಮಾನದ ಸಾಯಣಾಚಾರ್ಯರು ಅರ್ಧ ನಿಮೇಷದಲ್ಲಿ (ನಿಮೇಷವೆಂದರೆ ರೆಪ್ಪೆ ಬಡಿಯುವಷ್ಟು ಹೊತ್ತು) 2,202 ಯೋಜನ ಕ್ರಮಿಸುವ ಸೂರ್ಯನಿಗೆ ನಮಸ್ಕಾರ ಎಂಬ ಸ್ಮೃತಿವಾಕ್ಯವನ್ನು ಉದ್ಧರಿಸುತ್ತಾರೆ. ಭೂವ್ಯಾಸ 1,050 ಯೋಜನ ಎನ್ನುವ ಆರ್ಯಭಟರ ಯೋಜನವನ್ನು ಹಿಡಿದು, ನಿಮೇಷವನ್ನು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚೆಂದು ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 2.5 ಲಕ್ಷ ಕಿಲೋಮೀಟರ್ ಬರುತ್ತದೆ. ಭೂವ್ಯಾಸ 1,600 ಯೋಜನ ಎನ್ನುವ ಸೂರ್ಯಸಿದ್ಧಾಂತದ ಯೋಜನವನ್ನು ಹಿಡಿದರೆ ಸುಮಾರು 1.64 ಲಕ್ಷ. ಬೆಳಕಿನ ವೇಗ 2,99,792 ಕಿಲೋಮೀಟರ್. ಬೇಕಾದ ಯೋಜನವನ್ನು ಆರಿಸಿಕೊಂಡವರಿಗೆ ಬೇಕಾದ ಉತ್ತರ ಬರುತ್ತದೆ.

ಮಕ್ಕಳನ್ನು ಬಾದಾಮಿಗೆ ಪ್ರವಾಸಕ್ಕೆ ಕರೆತರುವುದಾದರೆ ಮೂರನೆಯ ಗುಹೆಯ ವರಾಹನನ್ನು ತೋರಿಸಿ. ಚಾಲುಕ್ಯ ಮಂಗಳೇಶ ಕೊರೆಯಿಸಿದ ಆ ಗುಹೆಯ ಶಾಸನ 578ರದು. ವರಾಹನು ದುಂಡನೆಯ ಭೂಗೋಳವನ್ನು ಕೋರೆಯ ಮೇಲೆ ಹೊತ್ತ ಬಣ್ಣದ ಚಿತ್ರಗಳು ಈಗ ವಾಟ್ಸ್‌ಆ್ಯಪ್‌ನಲ್ಲಿ ಪುರಾವೆಯೆಂದು ಓಡಾಡುತ್ತವೆ; ಚಾಲುಕ್ಯರ ಶಿಲ್ಪಿ ಕೆತ್ತಿದ್ದು ಸ್ತ್ರೀರೂಪದ ಭೂದೇವಿಯನ್ನು. ಅವನು ಭೂಗೋಳದ ಪಾಠ ಹೇಳಲು ಹೊರಟಿರಲಿಲ್ಲ. ಅದೇ ಗೋಡೆಯ ಮರಳುಗಲ್ಲಿನಲ್ಲಿ ಓರೆ ಓರೆಯಾಗಿ ಪದರಗಳು ಕಾಣುತ್ತವೆ. ಅವು ಗುಹೆ ಕೊರೆಯುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲು ನದಿಗಳು ತಂದು ಹರಡಿದ ಮರಳಿನ ಗುರುತುಗಳು. ಪ್ರಳಯಜಲದಿಂದ ಭೂಮಿಯನ್ನೆತ್ತಿದ ಕಥೆಗೆ ಆ ಪದರಗಳನ್ನು ಸಾಕ್ಷಿಯಾಗಿ ಬಳಸುವವರನ್ನೂ ಕಂಡಿದ್ದೇನೆ; ದಯವಿಟ್ಟು ಅದನ್ನು ಮಾಡಬೇಡಿ.

ಉತ್ತರ: ಚಿಕ್ಕೋಡಿಯ ಸ್ವಾಧ್ಯಾಯಿ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ, ಆದರೆ ಮೊದಲನೆಯ ಉತ್ತರದಲ್ಲಿ ನನಗೊಂದು ಆಕ್ಷೇಪವಿದೆ. ವಿರುದ್ಧವಾಗಿ ಕಂಡದ್ದನ್ನೆಲ್ಲ ಗುಣವಾದವೆಂದು, ಅಲಂಕಾರವೆಂದು ತಳ್ಳಿಹಾಕುವುದು ಸುಲಭ. ಬರೆದವರು ಅದನ್ನು ಅಲಂಕಾರವೆಂದೇ ಬರೆದರೇ?

ನಾನು ಜೈನ. ನಮ್ಮ ಲೋಕವರ್ಣನೆಯಲ್ಲಿ ಜಂಬೂದ್ವೀಪದ ವ್ಯಾಸ ಲಕ್ಷ ಯೋಜನ. ಅದಕ್ಕೆ ಇಬ್ಬರು ಸೂರ್ಯರು, ಇಬ್ಬರು ಚಂದ್ರರು. ಭಾಸ್ಕರಾಚಾರ್ಯರು ನಮ್ಮ ಎರಡು ಸೂರ್ಯರನ್ನು ಹಂಗಿಸಿ ಖಂಡಿಸಿದ್ದಾರೆ ಎಂಬುದೂ ಗೊತ್ತು. ಆದರೆ ನಮ್ಮ ಗ್ರಂಥಗಳು ವ್ಯಾಸವನ್ನು ಹತ್ತರ ವರ್ಗಮೂಲದಿಂದ ಗುಣಿಸಿ ಆ ದ್ವೀಪದ ಪರಿಧಿಯನ್ನು 3,16,227 ಯೋಜನ, 3 ಗವ್ಯೂತಿ, 128 ಧನುಸ್ಸು, 13½ ಅಂಗುಲಕ್ಕಿಂತ ತುಸು ಹೆಚ್ಚು ಎಂದು ಕೊಡುತ್ತವೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರರ ತ್ರಿಲೋಕಸಾರದಂಥ ಕೃತಿ ಇಡಿಯಾಗಿ ಇಂಥ ಗಣಿತದಿಂದ ತುಂಬಿದೆ. ಅಂಗುಲದವರೆಗೆ ಲೆಕ್ಕ ಹಾಕಿದವರು ಕಾವ್ಯ ಬರೆಯುತ್ತಿರಲಿಲ್ಲ. ಲೋಕ ಹೀಗೆಯೇ ಇದೆ ಎಂದು ನಂಬಿ ಬರೆದರು. ಅದನ್ನು ಇಂದು ಸಂಕೇತವೆಂದು ಕರೆದರೆ ಗ್ರಂಥದ ಮಾನ ಉಳಿಯಬಹುದು, ಗ್ರಂಥಕಾರರ ಮಾತು ಉಳಿಯುವುದಿಲ್ಲ. ಅಲ್ಲದೆ, ವಿಜ್ಞಾನ ಒಂದು ಹೆಜ್ಜೆ ಮುಂದಿಟ್ಟಾಗಲೆಲ್ಲ ಶಾಸ್ತ್ರ ಒಂದು ಹೆಜ್ಜೆ ಹಿಂದೆ ಸರಿಯುವುದಾದರೆ ಕರ್ಮ, ಪುನರ್ಜನ್ಮಗಳ ಸರದಿ ಯಾವಾಗ? ಗೆರೆಯನ್ನು ಎಲ್ಲಿ ಎಳೆಯುತ್ತೀರಿ?

ಉತ್ತರ: ನೌರಸಪುರ, ವಿಜಯಪುರ

ಗ್ರಹಣದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಇಸ್ಲಾಮಿನ ದೊಡ್ಡ ಧರ್ಮಶಾಸ್ತ್ರಜ್ಞರಾದ ಇಮಾಮ್ ಗಜಾಲಿಯವರು ತತ್ತ್ವಜ್ಞಾನಿಗಳ ಖಂಡನೆಗೆಂದೇ ಬರೆದ ಗ್ರಂಥದ ಪೀಠಿಕೆಯಲ್ಲಿ ಖಗೋಳಜ್ಞರ ಗ್ರಹಣವಿವರಣೆಯನ್ನು ಎತ್ತಿಕೊಂಡು, ಇದರೊಂದಿಗೆ ನಮಗೆ ಜಗಳವಿಲ್ಲ ಎನ್ನುತ್ತಾರೆ. ಅದು ರೇಖಾಗಣಿತದ, ಅಂಕಗಣಿತದ ಸಾಧನೆಯ ಮೇಲೆ ನಿಂತಿದೆ. ಅದನ್ನು ಅಲ್ಲಗಳೆಯುವುದು ಧರ್ಮದ ಕರ್ತವ್ಯವೆಂದು ತಿಳಿದವನು ಧರ್ಮಕ್ಕೇ ಹಾನಿ ಮಾಡುತ್ತಾನೆ. ತಕ್ಕ ದಾರಿಯಲ್ಲಿ ಎದುರಿಸುವ ವೈರಿಗಿಂತ ತಪ್ಪು ದಾರಿಯಲ್ಲಿ ಬೆಂಬಲಿಸುವ ಗೆಳೆಯನಿಂದ ಆಗುವ ಕೇಡು ದೊಡ್ಡದು ಎಂಬುದು ಅವರ ವಾದ. ಗಜಾಲಿ ತೀರಿಕೊಂಡದ್ದು 1111ರಲ್ಲಿ, ಭಾಸ್ಕರಾಚಾರ್ಯರು ಹುಟ್ಟಿದ್ದು 1114ರಲ್ಲಿ. ಒಬ್ಬರಿಗೊಬ್ಬರು ಗೊತ್ತಿಲ್ಲದವರು ಒಂದೇ ತೊಡಕನ್ನು ಬಿಡಿಸುತ್ತಿದ್ದರು. ಪ್ರವಾದಿಯವರ ಎಳೆಯ ಮಗ ಇಬ್ರಾಹೀಮ್ ತೀರಿಕೊಂಡ ದಿನ ಗ್ರಹಣವಾದಾಗ ಜನ ಎರಡನ್ನೂ ಜೋಡಿಸಿ ಮಾತನಾಡಿದರು. ಸೂರ್ಯಚಂದ್ರರಿಗೆ ಯಾರ ಹುಟ್ಟಿನಿಂದಲೂ ಸಾವಿನಿಂದಲೂ ಗ್ರಹಣ ಹಿಡಿಯುವುದಿಲ್ಲ ಎಂದು ಪ್ರವಾದಿಯವರೇ ತಿದ್ದಿದ್ದು ಹದೀಸಿನಲ್ಲಿದೆ. ಮುಂದೆ ಅಲ್ಲಿ ಬರುವುದು ಪ್ರಾರ್ಥನೆಯ ಆದೇಶ. ಲೆಕ್ಕ ಖಗೋಳಜ್ಞನದು, ನಮಾಜು ನಮ್ಮದು.

ಚಿಕ್ಕೋಡಿಯವರ ಆಕ್ಷೇಪ ನಮಗೂ ತಟ್ಟುವಂಥದೇ. ಕುರಾನಿನ ಹದಿನೆಂಟನೆಯ ಅಧ್ಯಾಯದಲ್ಲಿ ಜುಲ್‌ಕರ್‌ನೈನ್ ಎಂಬ ಅರಸನು ಸೂರ್ಯನು ಕೆಸರಿನ ಬುಗ್ಗೆಯಲ್ಲಿ ಮುಳುಗುವುದನ್ನು ಕಂಡನೆಂದು ಬರುತ್ತದೆ. ಭೂಮಿಗಿಂತ ಎಷ್ಟೋ ಪಾಲು ದೊಡ್ಡವನಾದ ಸೂರ್ಯ ಭೂಮಿಯ ಮೇಲಿನ ಒಂದು ಬುಗ್ಗೆಯಲ್ಲಿ ಹೇಗೆ ಹಿಡಿಸುತ್ತಾನೆ ಎಂದು ಕೇಳಿ, ಅವನ ಕಣ್ಣಿಗೆ ಹಾಗೆ ತೋರಿತು ಎಂದು ಅರ್ಥ ಹೇಳಿದವರು ಕುರಾನಿನ ವ್ಯಾಖ್ಯಾನಕಾರ ಫಖ್ರುದ್ದೀನ್ ರಾಜಿ. ಅವರು 13ನೆಯ ಶತಮಾನದ ಮೊದಲ ದಶಕದಲ್ಲೇ ತೀರಿಕೊಂಡವರು. ದೂರದರ್ಶಕ ಬಂದ ಮೇಲೆ ಅಂಜಿ ಬದಲಿಸಿದ ಅರ್ಥವಲ್ಲ ಅದು. ಹಾಗೆಂದು ನಮ್ಮಲ್ಲಿ ಎಲ್ಲವೂ ಸರಿಯಿದೆ ಎಂದುಕೊಳ್ಳಬೇಡಿ: ಭ್ರೂಣಶಾಸ್ತ್ರದಿಂದ ಮಹಾಸ್ಫೋಟದವರೆಗೆ ಎಲ್ಲವನ್ನೂ ಕುರಾನಿನ ಆಯತ್ತುಗಳಲ್ಲಿ (ವಾಕ್ಯಗಳಲ್ಲಿ) ಹುಡುಕಿ ಕೊಡುವ ವಿಡಿಯೊಗಳು ನಮ್ಮ ಓಣಿಗಳಲ್ಲೂ ಬಾಗಲಕೋಟೆಯವರು ಹೇಳಿದಷ್ಟೇ ಭರದಿಂದ ಹರಿದಾಡುತ್ತವೆ.

ಉತ್ತರ: ಬೆಳಗಾವಿಯ ಸಂಸ್ಕೃತಾಭ್ಯಾಸಿ

ಚಿಕ್ಕೋಡಿಯವರಿಗೆ: ಬರೆದವರು ಏನೆಂದುಕೊಂಡು ಬರೆದರು ಎಂಬುದು ಒಂದು ಪ್ರಶ್ನೆ; ಆ ಗ್ರಂಥ ಯಾವ ವಿಷಯಕ್ಕೆ ಪ್ರಮಾಣ ಎಂಬುದು ಇನ್ನೊಂದು. ಜಂಬೂದ್ವೀಪವನ್ನು ಲೆಕ್ಕ ಹಾಕಿದವರು ಅದನ್ನು ನಿಜವೆಂದೇ ತಿಳಿದಿದ್ದರು ಎಂಬ ನಿಮ್ಮ ಮಾತು ಸರಿ, ಮತ್ತು ಅದನ್ನು ಹಾಗೆಯೇ ಹೇಳುವುದು ಪ್ರಾಮಾಣಿಕತೆ. ಅವರ ಹತ್ತರ ವರ್ಗಮೂಲ 3.162 ಆಗುತ್ತದೆ, ವೃತ್ತದ ಪರಿಧಿಗೆ ಅದು ಒಳ್ಳೆಯ ಸಮೀಪದ ಬೆಲೆ. ಗಣಿತ ಗಣಿತವಾಗಿ ಇಂದಿಗೂ ನಿಲ್ಲುತ್ತದೆ, ದ್ವೀಪ ನಿಲ್ಲುವುದಿಲ್ಲ. ಗೆರೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಇಷ್ಟು: ಕಣ್ಣು, ಅಳತೆ, ಲೆಕ್ಕಗಳು ತೀರ್ಮಾನಿಸಬಲ್ಲ ಮಾತನ್ನು ಅವುಗಳಿಗೇ ಬಿಡಬೇಕು. ಅಹಿಂಸೆ, ಅಪರಿಗ್ರಹಗಳನ್ನು ಪಾಲಿಸುವವನು ದ್ವೀಪದ ವ್ಯಾಸ ಎಷ್ಟೆಂದು ಕಾದು ಕುಳಿತಿಲ್ಲ. ಪುನರ್ಜನ್ಮ ಈ ಎರಡರ ನಡುವೆ ಎಲ್ಲೋ ಇದೆ. ಅದನ್ನು ಅಳೆಯುವ ದಾರಿ ತೋರಿಸಿದವರು ಬಂದ ದಿನ ಅದರ ಚರ್ಚೆಯೂ ಬೇರೆಯಾಗುತ್ತದೆ.

ಇಂಡಿಯ ಶಿಕ್ಷಕಿ

ಎಲ್ಲರಿಗೂ ಧನ್ಯವಾದಗಳು. ಪುರಾಣದ ಕ್ರಮವನ್ನು ನಮ್ಮ ಗಣಿತಜ್ಞರೇ ಬಳಸಲಿಲ್ಲ ಎಂದು ಹೇಳುವುದರಿಂದ ಹುಡುಗನ ಪ್ರಶ್ನೆಗೆ ಉತ್ತರವೂ ಸಿಗುತ್ತದೆ, ಯಾರನ್ನೂ ಹೀಗಳೆದಂತೆಯೂ ಆಗುವುದಿಲ್ಲ. ಆದರೂ ಅದು ಒಬ್ಬ ದೊಡ್ಡವರ ಮಾತಿಗೆ ಎದುರಾಗಿ ಇನ್ನೊಬ್ಬ ದೊಡ್ಡವರ ಮಾತನ್ನು ಇಟ್ಟಂತೆ ಆಗುತ್ತದಲ್ಲವೇ? ಮಕ್ಕಳು ತಾವೇ ನೋಡಿ ತೀರ್ಮಾನಿಸಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಬೆಳಗಾವಿಯ ಸಂಸ್ಕೃತಾಭ್ಯಾಸಿ

ಇದೆ, ಅದೂ ಗೋಲಾಧ್ಯಾಯದಲ್ಲೇ ಇದೆ. ಚಂದ್ರಗ್ರಹಣ ಚಂದ್ರನ ಪೂರ್ವದ ಅಂಚಿನಿಂದ ಆರಂಭವಾಗುತ್ತದೆ, ಸೂರ್ಯಗ್ರಹಣ ಸೂರ್ಯನ ಪಶ್ಚಿಮದ ಅಂಚಿನಿಂದ. ಅರ್ಧ ಹಿಡಿದ ಚಂದ್ರನ ಕೊಂಬುಗಳು ಮೊಂಡಾಗಿರುತ್ತವೆ, ಗ್ರಹಣ ಬಹಳ ಹೊತ್ತು ಇರುತ್ತದೆ. ಆದ್ದರಿಂದ ಮುಚ್ಚುವ ವಸ್ತು ದೊಡ್ಡದು. ಅರ್ಧ ಹಿಡಿದ ಸೂರ್ಯನ ಕೊಂಬುಗಳು ಚೂಪು, ಗ್ರಹಣ ಬೇಗ ಮುಗಿಯುತ್ತದೆ. ಆದ್ದರಿಂದ ಮುಚ್ಚುವ ವಸ್ತು ಚಿಕ್ಕದು. ಎರಡನ್ನೂ ಮುಚ್ಚುವವನು ಒಬ್ಬನೇ ರಾಹುವಾಗಿದ್ದರೆ ಈ ವ್ಯತ್ಯಾಸಗಳು ಇರಬಾರದಿತ್ತು ಎಂಬುದು ಭಾಸ್ಕರಾಚಾರ್ಯರ ವಾದ. 2025ರ ಸೆಪ್ಟೆಂಬರ್ 7ರ ರಾತ್ರಿಯ ಪೂರ್ಣ ಚಂದ್ರಗ್ರಹಣದ ಚಿತ್ರಗಳು ಎಲ್ಲರ ಮೊಬೈಲಿನಲ್ಲೂ ಇರುತ್ತವೆ. ಅವುಗಳಿಂದ ನೆರಳಿನ ಅಂಚಿನ ಬಾಗನ್ನು ಮಕ್ಕಳು ಕಾಗದದ ಮೇಲೆ ತೆಗೆದುಕೊಂಡು ಇಟ್ಟಿರಲಿ.

2027ರ ಆಗಸ್ಟ್ 2ರಂದು, ನಮ್ಮ ನಾಗರ ಅಮಾವಾಸ್ಯೆಯ ದಿನ, ಇಳಿಹೊತ್ತಿನಲ್ಲಿ ವಿಜಯಪುರದಿಂದಲೂ ಭಾಗಶಃ ಸೂರ್ಯಗ್ರಹಣ ಕಾಣುತ್ತದೆ. ಮರುದಿನ ಶ್ರಾವಣ ಆರಂಭವಾಗಿ ಪ್ರವಚನಗಳೂ ಶುರುವಾಗುತ್ತವೆ. ಮೋಡವಿಲ್ಲದಿದ್ದರೆ ರಟ್ಟಿನಲ್ಲಿ ಸೂಜಿರಂಧ್ರ ಮಾಡಿ ಬಿಳಿ ಕಾಗದದ ಮೇಲೆ ಸೂರ್ಯನ ಬಿಂಬ ಬೀಳಿಸಿ, ಮೊದಲು ಯಾವ ಅಂಚು ಕಚ್ಚಿಹೋಗುತ್ತದೆ, ಕೊಂಬುಗಳು ಹೇಗಿವೆ ಎಂದು ಬರೆದಿಡಲು ಹೇಳಿ. ಸೂಜಿರಂಧ್ರದ ಬಿಂಬ ತಲೆಕೆಳಗಾಗಿರುತ್ತದೆ ಎಂಬುದನ್ನು ಮೊದಲೇ ತಿಳಿಸಿ, ಇಲ್ಲದಿದ್ದರೆ ಪೂರ್ವ ಪಶ್ಚಿಮಗಳು ಅದಲುಬದಲಾಗುತ್ತವೆ. ಯಾರೂ ಬರಿಗಣ್ಣಿನಿಂದಾಗಲಿ, ಹಳೆಯ ಎಕ್ಸ್‌ರೇ ಹಾಳೆಯ ಮೂಲಕವಾಗಲಿ ಸೂರ್ಯನನ್ನು ನೋಡಕೂಡದು.